ಚಿತ್ರದಿಂದ ಕೊಠಡಿಗೆ: ಅಂತೊನೆಲ್ಲೊನ ‘ಅಧ್ಯಯನಮಂದಿರದಲ್ಲಿ ಸಂತ ಜೆರೋಮ್’

ವಿದ್ವಾಂಸನೊಬ್ಬನು ಓದುತ್ತ ಕುಳಿತಿರುವ ಹಳೆಯ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಅದರ ಮಾದರಿಯಲ್ಲಿ ಓದುವ ಕೊಠಡಿಯನ್ನು ರೂಪಿಸಬಹುದೆ? ಗೃಹಾಲಂಕಾರದಲ್ಲಿ ಆಸಕ್ತರಾದವರು ಈ ಪ್ರಶ್ನೆಗೆ ತಡಮಾಡದೆ ‘ಆಗಬಹುದು’ ಎಂದು ಉತ್ತರ ಕೊಡುತ್ತಾರೆ. ಚಿತ್ರದಲ್ಲಿರುವ ಬಣ್ಣಗಳನ್ನು ಗೋಡೆಗೆ ಬಳಿದು, ಕಮಾನೊಂದನ್ನು ಕಟ್ಟಿಸಿ, ಕಪ್ಪುಮರದ ಕಪಾಟಿನಲ್ಲಿ ತೊಗಲಿನ ರಟ್ಟಿನ ಪುಸ್ತಕಗಳನ್ನಿಟ್ಟು, ಹಿತ್ತಾಳೆಯ ಪಾತ್ರೆಯೊಂದನ್ನು ಕಿಟಕಿಯ ಬಳಿ ಇರಿಸಿದರೆ ಕೆಲಸ ಮುಗಿಯಿತೆಂಬುದು ಅವರ ಎಣಿಕೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಪ್ರಶ್ನೆ ಇಷ್ಟು ಸುಲಭವಾಗಿ ತೋರುವುದಿಲ್ಲ. ಚಿತ್ರದಲ್ಲಿರುವುದು ಕೊಠಡಿಯೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಆಮೇಲೆ ಅಂಥ ಕೊಠಡಿ ಎಲ್ಲಿಯಾದರೂ ಇದ್ದಿತೆ ಎಂಬುದನ್ನು ಕೇಳಬೇಕಾಗುತ್ತದೆ. ಇಂಥ ಪ್ರಯತ್ನಗಳಿಗೆ ಸಹಜವಾಗಿ ಒದಗುವ ಚಿತ್ರವೊಂದನ್ನು, ಇಟಲಿಯ ಅಂತೊನೆಲ್ಲೊ ದ ಮೆಸ್ಸೀನನ (ಸು. 1430–1479) ‘ಅಧ್ಯಯನಮಂದಿರದಲ್ಲಿ ಸಂತ ಜೆರೋಮ್’ ಎಂಬುದನ್ನು, ಪ್ರಕೃತ ಲೇಖನದಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಕಾಲೇಜುಗಳಲ್ಲಿ ಓದುವ ಸ್ಥಳವನ್ನು ಹೇಗೆ ಏರ್ಪಡಿಸಬೇಕೆಂಬ ಮಾತು ನಮ್ಮಲ್ಲಿ ಮತ್ತೆ ಮತ್ತೆ ಏಳುತ್ತಿರುವುದರಿಂದ, ಈ ಪರಿಶೀಲನೆ ಕೇವಲ ಕುತೂಹಲಕ್ಕಾಗಿ ಅಲ್ಲವೆಂದು ವಾಚಕರು ಭಾವಿಸುವರೆಂದು ನಂಬಿದ್ದೇವೆ.

ಚಿತ್ರ ಅತ್ಯಂತ ಚಿಕ್ಕದು. ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದ ಇದರ ಎತ್ತರ 45.7 ಸೆಂಟಿಮೀಟರ್, ಅಗಲ 36.2 ಸೆಂಟಿಮೀಟರ್, ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಎತ್ತರ ಒಂದೂವರೆ ಅಡಿ ಮಾತ್ರ. 1475ರ ಸುಮಾರಿಗೆ ರಚಿತವಾದುದೆಂದು ಸಾಮಾನ್ಯವಾದ ಅಭಿಪ್ರಾಯ. 1529ರಲ್ಲಿ ವೆನಿಸ್ಸಿನ ಮನೆಯೊಂದರಲ್ಲಿ ಇದನ್ನು ಕಂಡ ಮಾರ್ಕಾಂತೋನಿಯೊ ಮಿಕಿಯೆಲ್ ಎಂಬಾತನು ಇದರ ಕರ್ತೃ ಅಂತೊನೆಲ್ಲೊನೋ, ಉತ್ತರದ ಫ್ಲಾಂಡರ್ಸ್ ದೇಶದ ವ್ಯಾನ್ ಐಕನೋ ಮೆಮ್ಲಿಂಗನೋ ಎಂಬ ಸಂದೇಹವನ್ನು ಬರೆದಿಟ್ಟಿದ್ದಾನೆ. 1894ರಲ್ಲಿ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ಸೇರಿತು. ಒಬ್ಬನೇ ವ್ಯಕ್ತಿ ಹತ್ತಿರ ನಿಂತು, ಮುಖವನ್ನು ಬಗ್ಗಿಸಿ ನೋಡಬೇಕಾದ ಕೃತಿ ಇದು. ಅದರೊಳಗೆ ದೇವಾಲಯದಷ್ಟು ದೊಡ್ಡ ಕಟ್ಟಡವಿದೆಯೆಂಬುದು ಮೊದಲನೆಯ ಆಶ್ಚರ್ಯ.

ಚಿತ್ರದ ಅಂಚಿನಲ್ಲಿ ಕಲ್ಲಿನ ಕಮಾನು ದ್ವಾರವೊಂದಿದೆ. ನೋಡುವವರು ಅದರ ಹೊರಗೆ ನಿಂತಿರುತ್ತಾರೆ. ಹೊಸ್ತಿಲಿನ ಮೇಲೆ ನವಿಲೊಂದು, ಕೌಜುಗವೊಂದು, ಒಂದು ಲೋಹದ ಬೋಗುಣಿ. ಒಳಗೆ ಬಣ್ಣದ ಬಿಲ್ಲೆಗಳನ್ನು ಹಾಸಿದ ನೆಲ. ಮೇಲೆ ಕಂಬ, ಕಮಾನು, ಎತ್ತರದ ಕಿಟಕಿಗಳು. ಕಿಟಕಿಗಳಾಚೆ ಆಕಾಶ, ಅದರಲ್ಲಿ ಹಕ್ಕಿಗಳು. ಎಡಗಡೆಯ ಕೆಳಗಿನ ಕಿಟಕಿಯಲ್ಲಿ ನದಿ, ಬೆಟ್ಟಗಳು, ಊರು. ಬಲಗಡೆಯ ಕಂಬಸಾಲಿನ ನೆರಳಿನಲ್ಲಿ ಸಿಂಹವೊಂದು ಸದ್ದಿಲ್ಲದೆ ನಡೆದು ಬರುತ್ತಿದೆ. ಜೆರೋಮನು ಸಿಂಹದ ಪಾದದಿಂದ ಮುಳ್ಳನ್ನು ತೆಗೆದನೆಂಬ ಕಥೆಯನ್ನು ಬಲ್ಲವರಿಗೆ ಅದರ ಕಾರಣ ತಿಳಿದೇ ಇದೆ. ಈ ವಿಸ್ತಾರದ ನಡುವೆ, ಬಿಲ್ಲೆ ನೆಲದ ಮೇಲೆ, ಮರದ ಜಗಲಿಯೊಂದು ನಿಂತಿದೆ. ಮೂರು ಮೆಟ್ಟಿಲುಗಳನ್ನು ಹತ್ತಿ ಅದನ್ನು ಏರಬೇಕು. ಜಗಲಿಯ ಮೇಲೆ ದುಂಡು ಬೆನ್ನಿನ ಕುರ್ಚಿ, ಓರೆಹಲಗೆಯ ಮೇಜು, ಅದರ ಹಿಂದೆ ಪುಸ್ತಕ, ಭರಣಿ, ಪೆಟ್ಟಿಗೆಗಳನ್ನಿಟ್ಟ ಕಪಾಟು; ಎಲ್ಲವೂ ಒಂದೇ ಮರಗೆಲಸ. ಕೆಂಪು ನಿಲುವಂಗಿಯ ವಿದ್ವಾಂಸನು ಎರಡು ಕೈಗಳನ್ನೂ ಮುಂದೆ ಚಾಚಿ ಪುಸ್ತಕವನ್ನು ಹಿಡಿದಿದ್ದಾನೆ. ಒಂದು ಮೊಳೆಯಲ್ಲಿ ಕೈವಸ್ತ್ರ ತೂಗುತ್ತಿದೆ. ಎರಡು ಕುಂಡಗಳು, ಒಂದು ಬೆಕ್ಕು. ಪಾದರಕ್ಷೆಗಳನ್ನು ಬಿಟ್ಟು ಅವನು ಮೇಲೇರಿದ್ದಾನೆ. ನಮ್ಮ ಕಡೆಯ ವಾಚಕರಿಗೆ ಈ ಕೊನೆಯ ವಿವರಕ್ಕೆ ಟೀಕೆ ಬೇಕಾಗುವುದಿಲ್ಲ. ಪುಸ್ತಕವಿರುವಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂದು ಬಾಲ್ಯದಲ್ಲಿ ಗದರಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ.

ಈಗ ಗಮನಿಸತಕ್ಕ ಸಂಗತಿ ಇದು: ಈ ಜಗಲಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ತನ್ನದೇ ಆದ ಚಾವಣಿಯೂ ಇಲ್ಲ. ಅಧ್ಯಯನಮಂದಿರವೆಂದು ನಾವು ಕರೆಯುವುದು ಇಲ್ಲಿ ಮಂದಿರವೇ ಅಲ್ಲ. ಅದೊಂದು ದೊಡ್ಡ ಪೀಠೋಪಕರಣ. ಅದು ನಿಂತಿರುವ ಕಟ್ಟಡ ಮಠವೋ ಅರಮನೆಯೋ ಚರ್ಚೋ ಹೇಳಲಾಗದು. ಯಾವುದಾದರೂ ಆಗಲಿ, ಒಬ್ಬ ವ್ಯಕ್ತಿಯ ಉಪಯೋಗಕ್ಕೆಂದು ಕಟ್ಟಿದುದಲ್ಲವೆಂಬುದು ಸ್ಪಷ್ಟ. ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1974ರಲ್ಲಿ ಪ್ರಕಟವಾದ, ಸ್ಥಳಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಚಿತ್ರವನ್ನು ವಿವರವಾಗಿ ವರ್ಣಿಸಿ, ಮರದ ಈ ಉಪಕರಣದ ಸುತ್ತ ಇಡೀ ಅವಕಾಶವೇ ವ್ಯವಸ್ಥೆಗೊಳ್ಳುವುದೆಂದೂ ಸುತ್ತಲಿನ ಶೀತಲವಾದ ಕಟ್ಟಡ ಅದರ ಮುಂದೆ ಇಲ್ಲವಾಗುವುದೆಂದೂ ಅಭಿಪ್ರಾಯಪಟ್ಟಿದ್ದಾನೆ. ಮೊದಲನೆಯ ಮಾತು ನಿಜ. ಎರಡನೆಯದನ್ನು ನಾವು ಒಪ್ಪಲಾರೆವು. ಕಟ್ಟಡ ಇಲ್ಲವಾಗುವುದಿಲ್ಲ, ಅದರ ಕಿಟಕಿಗಳಿಂದ ಗಾಳಿ ಬರುತ್ತಿದೆ, ಅದರ ನೆಲದ ಮೇಲೆ ಪ್ರಾಣಿಗಳು ಓಡಾಡುತ್ತಿವೆ, ಅದರ ಬಾಗಿಲಲ್ಲಿ ನಾವೇ ನಿಂತಿದ್ದೇವೆ. ಓದುವವನು ಇವೆಲ್ಲವುಗಳ ನಡುವೆ ಕುಳಿತು ಓದುತ್ತಿದ್ದಾನೆಂಬುದೇ ಚಿತ್ರದ ಹುರುಳು. ಮೂರು ಮೆಟ್ಟಿಲುಗಳ ಎತ್ತರ ಅವನನ್ನು ಉಳಿದವರಿಂದ ಬೇರ್ಪಡಿಸಲು ಸಾಕಾಗಿದೆ.

ಇಂಥ ಜಗಲಿ ನಿಜವಾಗಿ ಇದ್ದಿತೆ? ಐತಿಹಾಸಿಕ ಜೆರೋಮನ (ಸು. 347–420) ವಿಷಯದಲ್ಲಿ ಉತ್ತರ ಸುಲಭ. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಆ ಪಂಡಿತನು 386ರಿಂದ ಬೆತ್ಲೆಹೆಮಿನಲ್ಲಿ ವಾಸಿಸಿದನು. ಕಾರ್ಡಿನಲ್ ಪದವಿ ಆಗ ಹುಟ್ಟಿಯೇ ಇರಲಿಲ್ಲ. ಆದರೂ ಚಿತ್ರದಲ್ಲಿ ಅವನಿಗೆ ಕಾರ್ಡಿನಲ್ಲನ ಕೆಂಪು ಉಡುಪು, ಹಿಂದೆ ಅದೇ ಪದವಿಯ ಟೊಪ್ಪಿಗೆ. ಚಿತ್ರಕಾರನು ಹದಿನೈದನೆಯ ಶತಮಾನದ ತನ್ನ ಸುತ್ತಣ ವಸ್ತುಗಳನ್ನೇ ನಾಲ್ಕನೆಯ ಶತಮಾನಕ್ಕೆ ಒಯ್ದಿದ್ದಾನೆ. ಆದಕಾರಣ ಈ ಬಗೆಯ ಚಿತ್ರಗಳನ್ನು ಹದಿನೈದನೆಯ ಶತಮಾನದ ಪೀಠೋಪಕರಣಗಳಿಗೆ ಸಾಕ್ಷ್ಯವೆಂದು ಬಳಸಿಕೊಳ್ಳುವ ರೂಢಿ ವಿದ್ವಾಂಸರಲ್ಲಿ ಬೆಳೆಯಿತು. ಗ್ರಂಥಾಲಯಗಳ ಇತಿಹಾಸವನ್ನು ಬರೆದ ಕೇಂಬ್ರಿಜ್ಜಿನ ಜಾನ್ ವಿಲ್ಲಿಸ್ ಕ್ಲಾರ್ಕರು 1901ರ ತಮ್ಮ ಗ್ರಂಥದಲ್ಲಿ ಸಂತರು ಓದುವ, ಬರೆಯುವ ಚಿತ್ರಗಳಿಂದ ಮೇಜು, ಕಪಾಟು, ಓರೆಹಲಗೆಗಳ ಸ್ವರೂಪವನ್ನು ತಿಳಿಯಲು ಯತ್ನಿಸಿದ್ದಾರೆ. ಬಿಡಿ ವಸ್ತುಗಳ ಮಟ್ಟಿಗೆ ಈ ಕ್ರಮ ಸಾಧುವಾದುದು. ಪುಸ್ತಕಗಳನ್ನು ಇಂದಿನಂತೆ ಬೆನ್ನು ಕಾಣುವಂತೆ ಒತ್ತಾಗಿ ನಿಲ್ಲಿಸದೆ, ಮಲಗಿಸಿಯೋ ಒರಗಿಸಿಯೋ ತೆರೆದೋ ಇಡುತ್ತಿದ್ದರೆಂಬುದನ್ನು ಅಂತೊನೆಲ್ಲೊನ ಕಪಾಟು ಚೆನ್ನಾಗಿ ತಿಳಿಸುತ್ತದೆ. ಆದರೆ ವಸ್ತುಗಳ ಜೋಡಣೆಯ ವಿಷಯದಲ್ಲಿ ಚಿತ್ರವನ್ನು ನಂಬುವ ಮೊದಲು ಚಿತ್ರಕಾರನಿಗೆ ಏನು ಬೇಕಾಗಿತ್ತೆಂಬುದನ್ನು ವಿಚಾರಿಸಬೇಕು.

ಇದಕ್ಕೆ ಅವನ ಗುರುವಿನ ಕೃತಿಯೊಂದು ನೆರವಾಗುತ್ತದೆ. ಅಂತೊನೆಲ್ಲೊ ನೇಪಲ್ಸಿನಲ್ಲಿ ಕೊಲಾಂತೋನಿಯೊನ ಬಳಿ ಕೆಲಸ ಕಲಿತವನು. ಆ ಗುರು 1445ರ ಸುಮಾರಿಗೆ ಬರೆದ ಜೆರೋಮನ ಚಿತ್ರ ಈಗಲೂ ನೇಪಲ್ಸಿನ ಕಾಪೊದಿಮೋಂತೆ ಸಂಗ್ರಹಾಲಯದಲ್ಲಿದೆ. ಅಲ್ಲಿ ಜೆರೋಮನು ಓದನ್ನು ನಿಲ್ಲಿಸಿ ಸಿಂಹದ ಮುಳ್ಳನ್ನು ತೆಗೆಯುತ್ತಿದ್ದಾನೆ. ಅವನ ಸುತ್ತ ಪುಸ್ತಕಗಳು ಹಲಗೆಗಳ ಮೇಲೆ ಒಂದರ ಮೇಲೊಂದು ಬಿದ್ದಿವೆ, ಕಾಗದಗಳು ಇಣುಕುತ್ತಿವೆ. ಕೆಲಸ ಮಾಡುವ ಪಂಡಿತನ ಮೇಜನ್ನು ಕಂಡವರಾರೂ ಇದನ್ನು ಅಸಹಜವೆನ್ನಲಾರರು. ನೇಪಲ್ಸಿನ ರಾಜನ ಬಳಿ ವ್ಯಾನ್ ಐಕನು ಬರೆದ ಜೆರೋಮನ ಚಿತ್ರವೂ ಒಂದಿತ್ತೆಂದು, ಅದರಲ್ಲಿಯ ಪುಸ್ತಕಭಂಡಾರ ಅಪೂರ್ವವಾಗಿತ್ತೆಂದು, 1456ರಲ್ಲಿ ಬಾರ್ತೊಲೊಮೆಯೊ ಫಾಚಿಯೊ ಬರೆದಿದ್ದಾನೆ. ಆ ಚಿತ್ರ ಈಗ ಉಳಿದಿಲ್ಲ. ಶಿಷ್ಯನು ಗುರುವಿನ ಗೊಂದಲವನ್ನು ಒಪ್ಪಿಕೊಳ್ಳಲಿಲ್ಲ. ಅವನ ಜಗಲಿಯಲ್ಲಿ ಪ್ರತಿಯೊಂದು ವಸ್ತುವಿನ ಸುತ್ತಲೂ ಬರಿದಾದ ಎಡೆಯಿದೆ. ನೋಡುವವನ ಕಡೆಗಿರುವ ಮಗ್ಗುಲು ಪೂರ್ತಿಯಾಗಿ ತೆರೆದಿದೆ. ಬೆಳಕು ಮುಖ್ಯವಾಗಿ ನಾವು ನಿಂತಿರುವ ದ್ವಾರದಿಂದಲೇ ಒಳಗೆ ಬೀಳುತ್ತದೆ. ಎಂದರೆ ಈ ಏರ್ಪಾಡಿನಲ್ಲಿ ಓದುವವನ ಅನುಕೂಲದಷ್ಟೇ ನೋಡುವವನ ಅನುಕೂಲವೂ ಇದೆ. ನಾಟಕದ ರಂಗಸ್ಥಳಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಇದನ್ನು ಅರಿಯದೆ ಚಿತ್ರವನ್ನು ಯಥಾವತ್ತಾಗಿ ಕಟ್ಟಹೊರಟವರು ಓದುವ ಸ್ಥಳದ ಬದಲು ಓದಿನ ಪ್ರದರ್ಶನವನ್ನು ಕಟ್ಟುವ ಅಪಾಯವಿದೆ.

ಈ ಅಪಾಯ ಕಲ್ಪಿತವಾದುದಲ್ಲ. ಅಂತೊನೆಲ್ಲೊ ಈ ಚಿತ್ರವನ್ನು ಬರೆದ ವರ್ಷಗಳಲ್ಲಿಯೇ, 1473–1476ರ ಸುಮಾರಿಗೆ, ಉರ್ಬೀನೊ ಪಟ್ಟಣದ ಒಡೆಯನೂ ಕೂಲಿಸೈನ್ಯಗಳ ನಾಯಕನೂ ಆಗಿದ್ದ ಫೆದೆರೀಗೊ ದ ಮೋಂತೆಫೆಲ್ತ್ರೊ ತನ್ನ ಅರಮನೆಯಲ್ಲಿ ‘ಸ್ಟುದಿಯೋಲೊ’ ಎಂಬ ಚಿಕ್ಕ ಅಧ್ಯಯನದ ಕೊಠಡಿಯನ್ನು ಮಾಡಿಸಿದನು. ಅದರ ಅಳತೆ ಸುಮಾರು 3.60 ಮೀಟರಿಗೆ 3.35 ಮೀಟರ್. ಗೋಡೆಗಳ ಕೆಳಭಾಗವನ್ನೆಲ್ಲ ಬಣ್ಣಬಣ್ಣದ ಮರದ ಚೂರುಗಳನ್ನು ಕೂಡಿಸಿ ಮಾಡಿದ ಇಂತಾರ್ಸಿಯ ಕೆಲಸ ಆವರಿಸಿದೆ. ಅರ್ಧ ತೆರೆದ ಕಪಾಟುಗಳು, ಒಳಗೆ ಪುಸ್ತಕಗಳು, ವಾದ್ಯಗಳು, ಗಣಿತದ ಉಪಕರಣಗಳು, ಆಯುಧಗಳು. ಕೈ ಚಾಚಿದರೆ ಸಿಕ್ಕುವುವೆಂದು ತೋರುತ್ತವೆ, ಮುಟ್ಟಿದರೆ ಸಪಾಟಾದ ಹಲಗೆ. ಮೇಲ್ಭಾಗದಲ್ಲಿ ಪ್ರಸಿದ್ಧ ಪುರುಷರ 28 ಭಾವಚಿತ್ರಗಳಿದ್ದುವು. ನಮ್ಮ ಜೆರೋಮನೂ ಅವರಲ್ಲೊಬ್ಬ. ಅವುಗಳಲ್ಲಿ 14 ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ಮರಗೆಲಸದ ನಡುವೆ ಒಂದೆಡೆ ಒಡೆಯನೇ ಪಂಡಿತನ ನಿಲುವಂಗಿ ತೊಟ್ಟು, ಭರ್ಜಿಯ ಮೊನೆಯನ್ನು ಕೆಳಗೆ ಮಾಡಿ ನಿಂತಿದ್ದಾನೆ. ಕೌಶಲವನ್ನು ಎಷ್ಟು ಹೊಗಳಿದರೂ ಕಡಿಮೆಯೆ. ಆದರೆ ಫೆದೆರೀಗೊನ ನಿಜವಾದ ಪುಸ್ತಕಗಳು, ಸುಮಾರು 900 ಹಸ್ತಪ್ರತಿಗಳು, ಎಲ್ಲಿದ್ದುವು? ಅವು ಅರಮನೆಯ ನೆಲದಂತಸ್ತಿನಲ್ಲಿ, ಅಂಗಳದ ಬಳಿಯ ಬೇರೊಂದು ಕೊಠಡಿಯಲ್ಲಿದ್ದುವು. 1657ರಲ್ಲಿ ವ್ಯಾಟಿಕನ್ನಿಗೆ ಸಾಗಿದುವು. ಮೇಲಿನ ಕೊಠಡಿ ವಿದ್ವತ್ತಿನ ಚಿತ್ರವಾಗಿತ್ತು, ಕೆಳಗಿನದು ವಿದ್ವತ್ತಿನ ಉಪಕರಣವಾಗಿತ್ತು. ಇದೇ ಒಡೆಯನಿಗಾಗಿ ಗುಬ್ಬಿಯೊ ಪಟ್ಟಣದಲ್ಲಿ ತಯಾರಾದ ಮತ್ತೊಂದು ಸ್ಟುದಿಯೋಲೊವಿನ ಮರಗೆಲಸವನ್ನು 1939ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಕೊಂಡುಕೊಂಡಿತು. ಆ ಕೊಠಡಿಗೆ ಅದೇ ತಕ್ಕ ನೆಲೆಯೆಂದು ಹೇಳಬೇಕು. ನೋಡುವುದಕ್ಕೆಂದು ಮಾಡಿದುದು ನೋಡುವವರ ನಡುವೆಯೇ ಸೇರಿತು.

ಇತರ ಎರಡು ಪ್ರಸಿದ್ಧ ಕೃತಿಗಳನ್ನು ಇಲ್ಲಿ ಸ್ಮರಿಸಬಹುದು. ವೆನಿಸ್ಸಿನಲ್ಲಿ ಕಾರ್ಪಾಚಿಯೊ 1502ರ ಸುಮಾರಿಗೆ ಬರೆದ ವಿಶಾಲವಾದ ಅಧ್ಯಯನ ಕೊಠಡಿಯನ್ನು ಜೆರೋಮನದೆಂದೇ ಬಹುಕಾಲ ತಿಳಿಯಲಾಗಿತ್ತು. ಅಲ್ಲಿ ಕುಳಿತಿರುವವನು ಸಂತ ಆಗಸ್ಟೀನನೆಂದು 1959ರಲ್ಲಿ ಹೆಲೆನ್ ರಾಬರ್ಟ್ಸ್ ಎಂಬ ವಿದುಷಿ ತೋರಿಸಿಕೊಟ್ಟರು. ಜರ್ಮನಿಯ ಡ್ಯೂರರ್ 1514ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ಜೆರೋಮನ ಕೊಠಡಿಯಂತೂ ಬಡಗಿಯೊಬ್ಬನು ಅಳತೆ ತೆಗೆದುಕೊಂಡು ಕಟ್ಟಿಕೊಡಬಹುದಾದಷ್ಟು ಖಚಿತವಾಗಿದೆ: ತಗ್ಗಾದ ತೊಲೆಯ ಚಾವಣಿ, ದುಂಡು ಗಾಜಿನ ಕಿಟಕಿ, ಗೋಡೆಗೆ ತಗುಲಿಸಿದ ಮರಳುಗಡಿಯಾರ, ಮುಂದೆ ಮಲಗಿದ ಸಿಂಹ ಮತ್ತು ನಾಯಿ. ಓದುವ ಕೊಠಡಿಯನ್ನು ಕಟ್ಟಿಸಬೇಕೆನ್ನುವ ಗೃಹಸ್ಥನಿಗೆ ನಾವು ಡ್ಯೂರರನನ್ನೇ ಸೂಚಿಸುವೆವು. ಆದರೆ ಅವನ ಕೊಠಡಿ ಒಬ್ಬನದು. ಬಾಗಿಲು ಹಾಕಿಕೊಳ್ಳಬಲ್ಲ ಸ್ವಂತ ಮನೆಯುಳ್ಳವನದು. ಅದರಿಂದ ಸಂಸ್ಥೆಗಳು ಕಲಿಯಬೇಕಾದುದು ಹೆಚ್ಚಿಲ್ಲ.

ಅಂತೊನೆಲ್ಲೊನ ಜಗಲಿಗೆ ನಿಜವಾದ ಬಂಧುವನ್ನು ಹುಡುಕಬೇಕಾದರೆ ಅರಮನೆಗಳನ್ನು ಬಿಟ್ಟು ಮಠಗಳ ಕಡೆಗೆ ತಿರುಗಬೇಕು. ಇಂಗ್ಲೆಂಡಿನ ಡರಮ್ ಮಠದ ಆಚಾರಗಳನ್ನು ವಿವರಿಸುವ 1593ರ ಗ್ರಂಥವೊಂದು ಅಲ್ಲಿಯ ಓದಿನ ಗೂಡುಗಳನ್ನು ವರ್ಣಿಸುತ್ತದೆ. ಮಠದ ಅಂಗಳದ ಸುತ್ತಲಿನ ಮೊಗಸಾಲೆಯಲ್ಲಿ, ಉತ್ತರದ ಪಾರ್ಶ್ವದ ಒಂದೊಂದು ಕಿಟಕಿಗೂ ಮೂರು ಮೂರರಂತೆ, ಮರದ ಹಲಗೆಗಳಿಂದ ಮಾಡಿದ ‘ಕ್ಯಾರೆಲ್’ಗಳಿದ್ದುವು. ಹಿರಿಯ ಸನ್ಯಾಸಿಗಳು ಮಧ್ಯಾಹ್ನದ ಊಟವಾದ ಮೇಲೆ ಸಂಜೆಯ ಪ್ರಾರ್ಥನೆಯವರೆಗೆ ತಮ್ಮ ತಮ್ಮ ಗೂಡುಗಳಲ್ಲಿ ಕುಳಿತು ಓದುತ್ತಿದ್ದರು. ಪುಸ್ತಕಗಳ ಬೀರುಗಳು ಎದುರುಗೋಡೆಗೆ ಒರಗಿದ್ದುವು. ಗ್ಲಾಸ್ಟರಿನಲ್ಲಿ ಇಂಥ 20 ಕಲ್ಲಿನ ಗೂಡುಗಳು ದಕ್ಷಿಣದ ಮೊಗಸಾಲೆಯಲ್ಲಿ ಇಂದಿಗೂ ಇವೆ. ಮೊಗಸಾಲೆ ಎಲ್ಲರೂ ನಡೆದಾಡುವ ಸ್ಥಳ. ಅಲ್ಲಿ ಓದುವವನಿಗೆ ಸ್ವಂತ ಕೊಠಡಿಯಿರಲಿಲ್ಲ. ಸ್ವಂತ ಆಸನ, ಸ್ವಂತ ಹಲಗೆ, ಸ್ವಂತ ಬೆಳಕು ಇದ್ದುವು. ಚಿತ್ರಕಾರನು ಇಂಗ್ಲೆಂಡಿನ ಈ ಗೂಡುಗಳನ್ನು ಕಂಡಿದ್ದನೆಂದು ನಾವು ವಾದಿಸುತ್ತಿಲ್ಲ. ಸಾರ್ವಜನಿಕವಾದ ಕಟ್ಟಡದ ಒಂದು ಮೂಲೆಯನ್ನು ಮರಗೆಲಸದ ಬಲದಿಂದಲೇ ಒಬ್ಬನ ಅಧ್ಯಯನಕ್ಕೆ ಮೀಸಲಿಡುವ ಉಪಾಯ ಎರಡರಲ್ಲಿಯೂ ಒಂದೇ ಎಂಬುದಷ್ಟೇ ನಮ್ಮ ಮಾತು.

ಈ ಉಪಾಯ ನಮಗೆ ಏಕೆ ಬೇಕು? ಕಾಲೇಜುಗಳ ಸ್ಥಿತಿಯನ್ನು ಬಲ್ಲವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಅಧ್ಯಾಪಕರ ಕೊಠಡಿಯೆಂದರೆ ಎಷ್ಟೋ ಕಡೆ ನಡುವೆ ಒಂದು ಉದ್ದನೆಯ ಮೇಜು, ಸುತ್ತ ಕುರ್ಚಿಗಳು, ಗೋಡೆಗೆ ಬೀಗ ಹಾಕಿದ ಬೀರುಗಳು. ಅಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಬಹುದು, ಕಾಫಿ ಕುಡಿಯಬಹುದು, ವೇಳಾಪಟ್ಟಿಯ ವಿಷಯದಲ್ಲಿ ವಾದ ಮಾಡಬಹುದು. ಮೂರು ಗ್ರಂಥಗಳನ್ನು ಒಟ್ಟಿಗೆ ತೆರೆದಿಟ್ಟು ಶಾಸನಪಾಠವೊಂದನ್ನು ಹೋಲಿಸಿ ನೋಡುವುದು, ಬಿಟ್ಟುಹೋದ ಕೆಲಸವನ್ನು ಮರುದಿನ ಅದೇ ಪುಟದಿಂದ ಆರಂಭಿಸುವುದು ಅಲ್ಲಿ ಸಾಧ್ಯವಿಲ್ಲ. ಸಂಶೋಧನ ವಿದ್ಯಾರ್ಥಿಗಳಿಗೆ ಇಷ್ಟು ಕೂಡ ಇಲ್ಲದೆ ಅವರು ಗ್ರಂಥಾಲಯದ ಹಜಾರದಲ್ಲಿ ದಿನಕ್ಕೊಂದು ಜಾಗ ಹುಡುಕುತ್ತಾರೆ. ಇದಕ್ಕೆ ಪರಿಹಾರವಾಗಿ ಪ್ರತಿಯೊಬ್ಬರಿಗೂ ಕೊಠಡಿ ಬೇಕೆಂದು ಕೇಳಲಾಗುತ್ತದೆ. ಹಣವಿಲ್ಲವೆಂಬ ಉತ್ತರ ಬರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಕೊಠಡಿಯಿಲ್ಲದೆ ಅಧ್ಯಯನಸ್ಥಾನ ಸಾಧ್ಯವೆಂಬುದನ್ನು ಈ ಒಂದೂವರೆ ಅಡಿಯ ಹಲಗೆ ತೋರಿಸುತ್ತಿರುವಾಗ, ಮಾತು ಅಲ್ಲಿಗೆ ನಿಲ್ಲಬೇಕಾಗಿಲ್ಲ.

ಹಾಗಾದರೆ ಚಿತ್ರದಿಂದ ತೆಗೆದುಕೊಳ್ಳಬೇಕಾದುದೇನು? ನವಿಲನ್ನೂ ಬೋಗುಣಿಯನ್ನೂ ಬಿಡೋಣ. ಕಮಾನುಗಳನ್ನೂ ಬಿಡೋಣ, ಅವು ಕಟ್ಟಡದವು, ಜಗಲಿಯವಲ್ಲ. ಕಪಾಟನ್ನು ಅದರಂತೆಯೇ ಮಾಡಿಸಲಾಗದು, ಏಕೆಂದರೆ ಕೆಲವೇ ಪುಸ್ತಕಗಳಲ್ಲಿ ಕೆಲಸ ಸಾಗುತ್ತಿದ್ದ ಕಾಲದ ಕಪಾಟು ಅದು. ಉಳಿಯುವುದು ದೇಹಕ್ಕೂ ಪುಸ್ತಕಕ್ಕೂ ಇರುವ ಸಂಬಂಧ. ಕುಳಿತವನು ಏಳದೆಯೇ ಆ ದಿನದ ಪುಸ್ತಕಗಳೆಲ್ಲ ಕೈಗೆ ಎಟುಕುತ್ತವೆ. ಹಲಗೆ ಓರೆಯಾಗಿರುವುದರಿಂದ ಕತ್ತು ಬಗ್ಗಿಸಬೇಕಾಗಿಲ್ಲ. ನಮ್ಮ ವ್ಯಾಸಪೀಠವನ್ನು ಮಾಡಿದವರಿಗೂ ಗೊತ್ತಿದ್ದ ಈ ಗುಟ್ಟನ್ನು ಇಂದಿನ ಸಪಾಟು ಮೇಜುಗಳು ಮರೆತಿವೆ. ಆಸನ, ಮೇಜು, ಕಪಾಟುಗಳು ಒಂದೇ ಮರಗೆಲಸವಾದುದರಿಂದ ಯಾರೂ ಕುರ್ಚಿಯನ್ನು ಸಭೆಗೆಂದು ಎತ್ತಿಕೊಂಡು ಹೋಗಲಾರರು. ಇದನ್ನು ವಿನೋದಕ್ಕಾಗಿ ಹೇಳುತ್ತಿಲ್ಲ. ಸಂಸ್ಥೆಗಳಲ್ಲಿ ಕೆಲಸ ಮಾಡಿದವರು ಇದರ ಬೆಲೆಯನ್ನು ಬಲ್ಲರು. ನೆಲದಿಂದ ಎತ್ತರಿಸಿದ ಜಗಲಿ ಕಲ್ಲುನೆಲದ ತಂಪನ್ನು ತಡೆಯುವುದರ ಜೊತೆಗೆ ಎಲ್ಲೆಯನ್ನೂ ಗುರುತಿಸುತ್ತದೆ. ಆದರೆ ಎತ್ತರ ಮೂರು ಮೆಟ್ಟಿಲಿನಷ್ಟು ಬೇಡ. ಕಾಲು ನೋವಿನ ಹಿರಿಯರನ್ನೂ ಗಾಲಿಕುರ್ಚಿಯಲ್ಲಿ ಬರುವವರನ್ನೂ ಚಿತ್ರಕಾರನು ನೆನೆಯಬೇಕಾಗಿರಲಿಲ್ಲ, ನಾವು ನೆನೆಯಬೇಕು. ಅಂಥವರಿಗೆ ಒಂದೆರಡು ಸ್ಥಾನಗಳು ನೆಲದ ಮಟ್ಟದಲ್ಲಿಯೇ ಇರತಕ್ಕದ್ದು. ಬೆಳಕಿನ ವಿಷಯದಲ್ಲಿಯೂ ಚಿತ್ರವನ್ನು ಅನುಸರಿಸಲಾಗದು. ಅಲ್ಲಿ ದೀಪವಿಲ್ಲ, ಹಗಲು ಮುಗಿದೊಡನೆ ಓದು ಮುಗಿಯುತ್ತದೆ.

ಇದಕ್ಕೆ ಒಡ್ಡಬಹುದಾದ ಬಲವಾದ ಆಕ್ಷೇಪ ಸದ್ದಿನದು. ಡರಮಿನ ಸನ್ಯಾಸಿಗಳಿಗೆ ಮೌನದ ನಿಯಮವಿತ್ತು; ನಮ್ಮ ಹಜಾರಗಳಲ್ಲಿ ಗೋಡೆಯ ಮೇಲೆ ‘ನಿಶ್ಶಬ್ದ’ವೆಂಬ ಫಲಕ ಮಾತ್ರ ಇರುತ್ತದೆ. ಗೋಡೆಯಿಲ್ಲದ ಅಧ್ಯಯನಸ್ಥಾನ ಸುತ್ತಲಿನವರ ಸೌಜನ್ಯವನ್ನು ಆಶ್ರಯಿಸಿಕೊಂಡಿರುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಚಿತ್ರದಲ್ಲಿ ಸಿಂಹವೂ ಸದ್ದಿಲ್ಲದೆ ನಡೆಯುತ್ತದೆ, ನಿಜ. ವಿದ್ಯಾರ್ಥಿಗಳಿಂದ ಅಷ್ಟನ್ನು ನಿರೀಕ್ಷಿಸುವುದು ಕಷ್ಟ. ಆದುದರಿಂದ ಓಡಾಟ ಹೆಚ್ಚಾಗಿರುವ ಪುಸ್ತಕ ಕೊಡುವ ಕಟ್ಟೆಯಿಂದ ದೂರವಾಗಿ, ಹಜಾರದ ಉತ್ತರದ ಕಿಟಕಿಗಳ ಉದ್ದಕ್ಕೆ, ಬೆನ್ನು ಹಜಾರಕ್ಕೂ ಮಗ್ಗುಲು ಕಿಟಕಿಗೂ ಇರುವಂತೆ, ಬೆನ್ನಿನ ಕಡೆ ಕುಳಿತವನ ತಲೆಯ ಮಟ್ಟಕ್ಕೆ ಕಪಾಟು ಬರುವಂತೆ, ಮೊದಲು ನಾಲ್ಕೋ ಆರೋ ಸ್ಥಾನಗಳನ್ನು ಮಾಡಿಸಿ ನೋಡುವುದು ಯುಕ್ತ. ಅವನ್ನು ವರ್ಷಕ್ಕೊಮ್ಮೆ ಹೆಸರು ಬರೆದು ಹಂಚಬೇಕು, ದಿನಕ್ಕೊಮ್ಮೆ ಅಲ್ಲ. ತೆರೆದಿಟ್ಟುಹೋದ ಪುಸ್ತಕವನ್ನು ಸಂಜೆ ಕಸ ಗುಡಿಸುವವರು ಮುಚ್ಚಿ ಎತ್ತಿಡಬಾರದೆಂಬ ನಿಯಮವನ್ನೂ ಜೊತೆಯಲ್ಲಿಯೇ ಮಾಡಬೇಕಾಗುತ್ತದೆ.